ಗೆರೆಯ ಪಕ್ಕ ಓಡುವವರು

ಮೂರನೇ ಸಲವೂ ಬಾವುಟ ಮೇಲೆದ್ದಾಗ ಮುನಿಲಕ್ಷ್ಮಿಗೆ ತಡೆಯಲಾಗಲಿಲ್ಲ.

ಸೇಲಂನ ಫುಟ್‌ಬಾಲ್ ಮೈದಾನದಲ್ಲಿ ಸಂಜೆಯ ಬಿಸಿಲು ಇನ್ನೂ ಚುರುಗುಟ್ಟುತ್ತಿತ್ತು. ಬಲಗಡೆಯ ಅಂಚಿನಲ್ಲಿ ಚೆಂಡು ಹಿಡಿದು ಗೋಲಿನ ಕಡೆ ನುಗ್ಗುವುದು ಅವಳ ಕೆಲಸ. ಪೊನ್ನಿ ಕ್ಲಬ್ ಅವಳಿಗೆ ಸಂಬಳ ಕೊಡುತ್ತಿದ್ದುದೇ ಆ ಓಟಕ್ಕೆ. ಆದರೆ ಇವತ್ತು ಓಡಿದಾಗಲೆಲ್ಲ, ಗೆರೆಯಾಚೆ ಅವಳ ಜೊತೆಜೊತೆಗೇ ಓಡುತ್ತಿದ್ದ ಲೈನ್ಸ್‌ಮನ್ ಆಫ್‌ಸೈಡ್ ಎಂದು ಬಾವುಟ ಎತ್ತಿಬಿಡುತ್ತಿದ್ದ. ಗೆಳತಿ ಚೆಂಡು ಒದೆಯುವ ಮೊದಲೇ ಎದುರಾಳಿಗಳನ್ನು ದಾಟಿ ಹೋಗಿದ್ದೀಯ ಎಂದರ್ಥ.

"ಕಣ್ಣಿಗೇನ್ ಸುಣ್ಣ ಬಳ್ಕೊಂಡು ಬಂದವ್ನೋ, ಮೂದೇವಿ!"

ಕನ್ನಡದಲ್ಲಿ ಬೈಯುವುದು ಅವಳ ಹಳೆಯ ಉಪಾಯ. ತಮಿಳಿನಲ್ಲಿ ಬೈದರೆ ಹಳದಿ ಕಾರ್ಡು ಖಂಡಿತ. ಕನ್ನಡದಲ್ಲಾದರೆ ಹೊಟ್ಟೆಯ ಉರಿಯೂ ಆರುತ್ತದೆ, ಯಾರಿಗೂ ತಿಳಿಯುವುದಿಲ್ಲ.

ಲೈನ್ಸ್‌ಮನ್‌ನ ಕಣ್ಣು ಆಟದ ಮೇಲಿಂದ ಕದಲಲಿಲ್ಲ. ತುಟಿ ಮಾತ್ರ ಅಲುಗಿತು.

"ಸುಣ್ಣ ಆಕಿರೋದು ಗೆರೆಗೆ ಕಣಮ್ಮಾ. ನನ್ ಕಣ್ಗಲ್ಲ."

ಅವಳ ಕಾಲು ತಡವರಿಸಿತು. ತನ್ನ ಕಡೆಗೇ ಬರುತ್ತಿದ್ದ ಚೆಂಡು ಪಕ್ಕದಲ್ಲೇ ಉರುಳಿ ಹೊರಗೆ ಹೋಯಿತು. ತರಬೇತುದಾರ ತಲೆಯ ಮೇಲೆ ಕೈ ಹೊತ್ತುಕೊಂಡ.

ಮ್ಯಾಚ್ ಮುಗಿದ ಮೇಲೆ ಆ ಲೈನ್ಸ್‌ಮನ್ ಮೈದಾನದ ಗೇಟಿನಾಚೆ, ಗಾಡಿಯ ಮುಂದೆ ನಿಂತು ತಟ್ಟುವಡೆ ಸೆಟ್ ತಿನ್ನುತ್ತಿದ್ದ. ಎರಡು ಗರಿಗರಿ ತಟ್ಟುವಡೆಯ ನಡುವೆ ಚಟ್ನಿ, ಬೀಟ್‌ರೂಟ್ ತುರಿ. ಬಾಯಿ ತುಂಬ ಇದ್ದಾಗಲೇ ಅವಳು ಎದುರಿಗೆ ಹೋಗಿ ನಿಂತಳು.

"ಸಾರಿ ಸಾರ್. ಕನ್ನಡ ಗೊತ್ತು ಅಂತ ತಿಳೀಲಿಲ್ಲ."

ಅವನು ನುಂಗಲು ಹೆಣಗಾಡಿ ನಕ್ಕ. "ನಮ್ ಬೀದಿ ಪೂರ್ತಿ ಕನ್ನಡದೋರೇ. ಮನೇಲಿ ಮಗ್ಗ. ಓದಕ್ ಬರಕಿಲ್ಲ, ಬೈಯಕ್ ಮಾತ್ರ ರೊಂಬ ಚೆನ್ನಾಗ್ ಬರ್ತೈತೆ. ಧನಶೇಖರ್ ಅಂತ. ಸ್ಕೂಲಲ್ಲಿ ಪಿ.ಟಿ. ಸಾರು."

ಈಗ ಅವನು ಅವಳ ಮುಖ ನೋಡಿದ. ಮುನಿಲಕ್ಷ್ಮಿ ಕಾದಳು. ಮೊದಲ ಸಲ ನೋಡಿದವರೆಲ್ಲ ಕೇಳುವ ಪ್ರಶ್ನೆ ಒಂದಿತ್ತು: ನೀನು ಯಾವ ದೇಶದವಳು? ನೇಪಾಳವಾ? ಅದಕ್ಕೆ ಕೊಡುವ ಒರಟು ಉತ್ತರ ಅವಳ ನಾಲಗೆಯ ತುದಿಯಲ್ಲೇ ಇರುತ್ತಿತ್ತು.

"ಒಂದ್ ಕೇಳ್ಲಾ?" ಎಂದ ಅವನು. "ಒಳಕ್ಕೆ ತಿರ್ಗೋ ಮುಂಚೆ ಎಡ ಭುಜ ಒಸಿ ಇಳಿಸ್ತೀರಲ್ಲ, ಅದ್ ಬೇಕಂತ್ಲೇನಾ?"

ಸಿದ್ಧವಾಗಿದ್ದ ಉತ್ತರ ಕೆಲಸಕ್ಕೆ ಬರಲಿಲ್ಲ. "ನೀವ್ ಆಟ ನೋಡಕ್ ಬಂದಿದ್ರಾ, ನನ್ ಭುಜ ನೋಡಕ್ಕಾ?"

ಅವನ ಕಿವಿ ಬೀಟ್‌ರೂಟಿನ ಬಣ್ಣಕ್ಕೆ ತಿರುಗಿತು. ಅದನ್ನು ನೋಡಿ ಅವಳಿಗೆ ಏನನ್ನಿಸಿತೋ, ಅವನು ಕೇಳದೆ ಬಿಟ್ಟದ್ದನ್ನೆಲ್ಲ ತಾನೇ ಹೇಳಿದಳು.

ಅಪ್ಪ ಬೈರಪ್ಪ ಧರ್ಮಪುರಿ ಕಡೆಯ, ಕುರಿ ಸಾಕುವ ಕನ್ನಡದ ಮನೆಯವನು. ಶಂಕಗಿರಿಗೆ ಬಂದು ಲಾರಿ ಡ್ರೈವರಾದ. ಲೋಡು ತೆಗೆದುಕೊಂಡು ಅಸ್ಸಾಮಿಗೆ ಹೋದಾಗ ಮಲೇರಿಯಾ ಬಂದು ಸಿಲ್ಚರಿನ ಆಸ್ಪತ್ರೆಯಲ್ಲಿ ಮಲಗಿದ. ಅಲ್ಲಿ ಸೂಜಿ ಚುಚ್ಚಿದವಳು ಮಿಜೋರಾಮಿನ ನರ್ಸ್ ರಿನಿ. ಜ್ವರ ಇಳಿದ ಮೇಲೂ ಬೈರಪ್ಪ ಲೋಡು ಸಿಕ್ಕಾಗಲೆಲ್ಲ ಸಿಲ್ಚರಿಗೇ ಹೊರಟ. ಮಗಳಿಗೆ ಅಜ್ಜಿಯ ಹೆಸರು ಮುನಿಲಕ್ಷ್ಮಿ. ಅಮ್ಮ ಕರೆಯುವುದು ಝುವಾಲಿ. ಜೆರ್ಸಿಯ ಬೆನ್ನ ಮೇಲೆ ಇದ್ದುದು ಅಮ್ಮ ಇಟ್ಟ ಹೆಸರು.

"ಅಮ್ಮನ್ ಕಡೆ ಐಜ್ವಾಲಲ್ಲಿ ಎರಡ್ ಸೀಸನ್ ಆಡ್ದೆ. ಅಲ್ಲಿ ನಾನು ತಮಿಳ್ನಾಡೋಳು. ಇಲ್ಲಿ ನಾನು ಆ ಕಡೆಯೋಳು. ಎಲ್ಲೂ ಕುಂತ್ಕೊಳ್ಳಕ್ ಆಗಲ್ಲ ನಂಗೆ. ಅದಕ್ಕೇ ಓಡ್ತಾ ಇರ್ತೀನಿ."

ಧನಶೇಖರ್ ಪಾಪ ಎನ್ನಲಿಲ್ಲ. ಇನ್ನೊಂದು ಸೆಟ್ ಹೇಳಿ ತಟ್ಟೆಯನ್ನು ಅವಳ ಕೈಗೆ ಕೊಟ್ಟ.

ಆ ವರ್ಷ ಲೀಗಿನ ಹೆಚ್ಚಿನ ಪಂದ್ಯಗಳು ಸೇಲಂನಲ್ಲೇ ಇದ್ದವು. ಪ್ರತಿ ಮ್ಯಾಚಿನಲ್ಲೂ ಒಂದು ಅರ್ಧ ಅವನು ಅವಳಿದ್ದ ಕಡೆಯ ಗೆರೆಗೆ ಬರುತ್ತಿದ್ದ. ಅವಳು ಒಳಗೆ, ಅವನು ಹೊರಗೆ, ಮಧ್ಯೆ ಒಂದು ಬಿಳಿ ಗೆರೆ. ಅವಳು ನಿಂತರೆ ನಿಲ್ಲುತ್ತಿದ್ದ, ಓಡಿದರೆ ಓಡುತ್ತಿದ್ದ. ಅವನ ಉಸಿರು ಅವಳಿಗೆ ಕೇಳುತ್ತಿತ್ತು. ಥ್ರೋ ಎಸೆಯಲು ಗೆರೆಯ ಹತ್ತಿರ ಬಂದಾಗ ಅವಳು ಬೇಕೆಂದೇ ಚೆಂಡನ್ನು ನಿಧಾನವಾಗಿ ಒರೆಸುತ್ತಿದ್ದಳು.

"ಬೇಗ ಎಸೀರಿ. ಟೈಮ್ ವೇಸ್ಟ್," ಎನ್ನುತ್ತಿದ್ದ ಅವನು, ಎಲ್ಲೋ ನೋಡುತ್ತಾ.

"ಯಾರ್ ಟೈಮು?" ಎನ್ನುತ್ತಿದ್ದಳು ಅವಳು, ಅವನನ್ನೇ ನೋಡುತ್ತಾ.

ಮ್ಯಾಚ್ ಮುಗಿದರೆ ತಟ್ಟುವಡೆ ಗಾಡಿ. ಅಲ್ಲಿಂದ ಶಂಕಗಿರಿ ಬಸ್ಸು ಬರುವವರೆಗೆ ಮಾತು. ಬಸ್ಸು ಬೇಗ ಬಂದರೆ ಮುಂದಿನದಕ್ಕೆ ಹೋಗುತ್ತೇನೆ ಎಂಬ ಸುಳ್ಳು ನೆಪ. ಆದರೆ ಮನೆಗೆ ಹೋದ ಮೇಲೆ ಅವಳಿಗೆ ಕೂತಲ್ಲಿ ಕೂರಲು ಆಗುತ್ತಿರಲಿಲ್ಲ. ಮಹಡಿ ಹತ್ತುವುದು, ಇಳಿಯುವುದು, ಫೋನು ನೋಡುವುದು, ತಿರುಗಿಸಿ ಇಡುವುದು. ಯಾವ ಎದುರಾಳಿಯೂ ಅವಳನ್ನು ಹೀಗೆ ದಣಿಸಿರಲಿಲ್ಲ.

ಒಂದು ಸಂಜೆ ಅವನೇ ಮಾತು ತೆಗೆದ. "ಇದು ತಪ್ಪು, ಮುನಿ. ರೆಫರಿಗೆ ಆಟಗಾರ್ತಿ ಪರಿಚಯ ಐತೆ ಅಂದ್ರೆ ರೆಫರಿಗಳ ಸಂಘಕ್ಕೆ ಹೇಳ್ಬೇಕು. ಹೇಳಿದ್ರೆ ನಿಮ್ ಮ್ಯಾಚಿಗೆ ನನ್ನ ಆಕಲ್ಲ."

"ಹೇಳ್ತೀರಾ?"

ಅವನು ಬಸ್ಸು ಬರುವ ದಾರಿ ನೋಡಿದ. "ಹೇಳ್ಬೇಕು."

"ಕೊನೇ ಮ್ಯಾಚ್ ಒಂದ್ ಆಗ್ಲಿ," ಎಂದಳು ಅವಳು. ಕೇಳಿದ್ದು ಎಷ್ಟು ದೊಡ್ಡದು ಎಂದು ಕೇಳುವಾಗಲೂ ಅವಳಿಗೆ ಗೊತ್ತಿತ್ತು. ಅವನು ಅವಳ ಬಸ್ಸಿಗೆ ಕೈ ತೋರಿಸಿ ನಿಲ್ಲಿಸಿದ. ಸಂಘಕ್ಕಂತೂ ಹೇಳಲಿಲ್ಲ.

ಕೊನೆಯ ಮ್ಯಾಚ್ ಗೆದ್ದರೆ ಪೊನ್ನಿ ಕ್ಲಬ್ ಸೆಮಿಫೈನಲ್‌ಗೆ ಹೋಗುತ್ತಿತ್ತು. ಹೊಸ ಆಟಗಾರ್ತಿಯರನ್ನು ಹುಡುಕುತ್ತಾ ಕೊಲ್ಕತ್ತಾದ ಒಂದು ದೊಡ್ಡ ಕ್ಲಬ್ಬಿನವರು ಗ್ಯಾಲರಿಯಲ್ಲಿ ಕೂತಿದ್ದರು. ಒಂದೊಂದು ಗೋಲಿನ ಸಮ. ಆಟ ಮುಗಿಯಲು ಸ್ವಲ್ಪವೇ ಉಳಿದಿತ್ತು. ಕ್ಯಾಪ್ಟನ್ ಕಲೈವಾಣಿಯ ಕಾಲಿನಿಂದ ಚೆಂಡು ಹಾರಿತು. ಮುನಿಲಕ್ಷ್ಮಿ ಗಾಳಿಯಂತೆ ನುಗ್ಗಿ, ಭುಜ ಇಳಿಸಿ, ಒಳಕ್ಕೆ ತಿರುಗಿ ಒದ್ದಳು. ಬಲೆ ಉಬ್ಬಿತು. ಗ್ಯಾಲರಿ ಎದ್ದು ನಿಂತಿತು.

ಅವಳು ನಗುತ್ತಾ ಗೆರೆಯ ಕಡೆ ತಿರುಗಿದಳು. ಧನಶೇಖರ್ ಕಲ್ಲಿನಂತೆ ನಿಂತಿದ್ದ. ಬಾವುಟ ಮೇಲಿತ್ತು.

ಗೋಲು ರದ್ದಾಯಿತು. ಮ್ಯಾಚ್ ಸಮದಲ್ಲೇ ಮುಗಿಯಿತು. ಪೊನ್ನಿ ಕ್ಲಬ್ ಮನೆಗೆ.

"ಅವನ ಜೊತೆ ವಡೆ ತಿಂದಿದ್ದು ಇದಕ್ಕೇನಾ?" ಎಂದು ಕಲೈವಾಣಿ ತಮಿಳಿನಲ್ಲಿ ಎಲ್ಲರೆದುರೇ ಕೇಳಿದಳು. ಮುನಿಲಕ್ಷ್ಮಿ ಬೂಟನ್ನೂ ಬಿಚ್ಚದೆ ಬಸ್ಸು ಹತ್ತಿದಳು. ಅವನ ಫೋನು ಬಂತು, ಎತ್ತಲಿಲ್ಲ. ಮತ್ತೆ ಬಂತು, ಆಫ್ ಮಾಡಿದಳು.

ಮಾರನೆಯ ದಿನ ಶಂಕಗಿರಿಯ ಮನೆಯಲ್ಲಿ ಅಮ್ಮ ಅಕ್ಕಿ ಆರಿಸುತ್ತಿದ್ದಳು. ಹೊರಗೆ ಲಾರಿಗಳ ಸದ್ದು. ಮುನಿಲಕ್ಷ್ಮಿ ಮಲಗಿಕೊಂಡೇ ಆ ಗೋಲನ್ನು ಮನಸ್ಸಿನಲ್ಲಿ ಮತ್ತೆ ಮತ್ತೆ ಆಡಿದಳು. ಪ್ರತಿ ಸಲವೂ ಒಂದೇ ಜಾಗಕ್ಕೆ ಬಂದು ನಿಲ್ಲುತ್ತಿದ್ದಳು. ಕಲೈವಾಣಿಯ ಕಾಲು ಇನ್ನೂ ಚೆಂಡಿಗೆ ತಾಗಿರಲಿಲ್ಲ. ತಾನಾಗಲೇ ಹೊರಟಿದ್ದಳು. ಕೂದಲೆಳೆಯಷ್ಟಲ್ಲ, ಒಂದು ಪೂರ್ತಿ ಹೆಜ್ಜೆ.

ಯಾಕೆ ಹೊರಟೆ?

ಉತ್ತರ ಗೊತ್ತಾದಾಗ ಅವಳು ಎದ್ದು ಕೂತಳು. ಪಕ್ಕದಲ್ಲಿ ಓಡುತ್ತಿದ್ದವನು ಅವನು. ಅವನ ಕೈ ಮೇಲೇಳುವುದಿಲ್ಲ ಎಂಬ ಧೈರ್ಯ ತನ್ನ ಕಾಲಿಗೆ ಬಂದಿತ್ತು.

ಅವಳು ಸೇಲಂನ ನೇಕಾರರ ಬೀದಿಗೆ ಹೋದಾಗ ಧನಶೇಖರ್ ತಾಯಿ ತಂಗಮ್ಮನ ಜೊತೆ ಮಗ್ಗಕ್ಕೆ ಏರಿಸುವ ಹಾಸುನೂಲಿಗೆ ಗಂಜಿ ಬಳಿಯುತ್ತಿದ್ದ. ಬೀದಿಯುದ್ದಕ್ಕೂ ಎಳೆದು ಕಟ್ಟಿದ ಬಿಳಿಯ ನೂಲು. ಅವಳು ಈಚೆ ನಿಂತಳು, ಅವನು ಆಚೆ. ಟ್ರ್ಯಾಕ್ ಪ್ಯಾಂಟಿನ ಹುಡುಗಿಯನ್ನು ಬೀದಿಯೇ ನೋಡಿತು. ತಂಗಮ್ಮ ಒಮ್ಮೆ ಅವಳನ್ನು, ಒಮ್ಮೆ ಮಗನ ಕಿವಿಯನ್ನು ನೋಡಿ, "ಗಂಜಿ ಆರೋಯ್ತು, ಬಿಸಿ ಮಾಡ್ಕೊಂಡ್ ಬರ್ತೀನಿ," ಎಂದು ಒಳಗೆ ಹೋದಳು. ಪಾತ್ರೆಯಿಂದ ಇನ್ನೂ ಹಬೆ ಏಳುತ್ತಿತ್ತು.

"ಆಫ್‌ಸೈಡೇ," ಎಂದಳು ಮುನಿಲಕ್ಷ್ಮಿ. "ನೀವ್ ಬಾವುಟ ಎತ್ತಲ್ಲ ಅಂತ ನಂಬ್ಕೊಂಡ್ ಓಡ್ದೆ. ನಂಗೇ ಗೊತ್ತಿಲ್ದಂಗೆ."

ಅವನು ಬ್ರಷ್ಷನ್ನು ಕೆಳಗಿಟ್ಟ. "ಚೆಂಡು ಬಲೇಗ್ ಬೀಳ್ಲಿ ಅಂತ ಬೇಡ್ಕೊಂಡಿದ್ದೂ ನಾನೇ. ಬಾವುಟ ಎತ್ತಿದ್ದೂ ನಾನೇ. ಅವತ್ತೇ ತಿಳೀತು, ಇನ್ ನಿಮ್ ಪಕ್ಕ ಓಡಕ್ ಆಗಲ್ಲ ಅಂತ. ಕಾರ್ಯದರ್ಶಿ ಚಿನ್ನರಾಜ್ ಸಾರಿಗೆ ಬೆಳಗ್ಗೆ ಎಲ್ಲಾ ಹೇಳ್ಬಿಟ್ಟೆ."

"ಏನಂದ್ರು?"

"ಒಂದ್ ವರ್ಷ ಬಾವುಟ ಮುಟ್ಟಂಗಿಲ್ಲ ಅಂದ್ರು. ಮೊದ್ಲೇ ಯಾಕ್ ಹೇಳ್ಲಿಲ್ಲ ಅಂತ ಕೇಳಿದ್ರು."

"ಯಾಕ್ ಹೇಳ್ಲಿಲ್ಲ?"

"ಅವರಿಗೆ ಹೇಳಿದ್ ಉತ್ತರ ನಿಮ್ಗೂ ಹೇಳ್ಬೇಕಾ?" ಅವನು ಈಗ ತಲೆಯೆತ್ತಿ ನೇರ ನೋಡಿದ. "ಇಷ್ಟಪಟ್ಟೆ ಸಾರ್ ಅಂದೆ."

ಮುನಿಲಕ್ಷ್ಮಿ ನೂಲಿಗೆ ಇನ್ನೊಂದು ಹೆಜ್ಜೆ ಹತ್ತಿರ ಬಂದಳು. ಮುಂಗೈಯಿಂದ ಕಣ್ಣೊರೆಸಿಕೊಂಡಳು. ಆಮೇಲೆ, ಬರುವಾಗ ದಾರಿಯುದ್ದಕ್ಕೂ ಬಾಯಲ್ಲಿಟ್ಟುಕೊಂಡಿದ್ದ ಇನ್ನೊಂದು ಸುದ್ದಿ ಹೇಳಿದಳು. ಕೊಲ್ಕತ್ತಾದವರು ಫೋನು ಮಾಡಿದ್ದರು. ಗೋಲು ರದ್ದಾದರೇನು, ಓಟ ನೋಡಿದೆವು ಎಂದಿದ್ದರು. ಎರಡು ವರ್ಷದ ಕಾಂಟ್ರಾಕ್ಟು. ಮುಂದಿನ ವಾರವೇ ಬರಬೇಕು.

ಅವನ ಮುಖ ಮೊದಲು ಅರಳಿತು. ಆಮೇಲೆ ಅದನ್ನು ಅರಳಿಸಿಯೇ ಇಟ್ಟುಕೊಳ್ಳಲು ಅವನು ಪಟ್ಟ ಪಾಡು ಅವಳಿಗೆ ಕಂಡಿತು.

"ಓಗಿ," ಎಂದ.

ಸೇಲಂ ಜಂಕ್ಷನ್ನಿನಲ್ಲಿ ರೈಲು ಬಂದು ನಿಂತಿತ್ತು. ಅಪ್ಪ ಅಮ್ಮ ಮನೆಯಲ್ಲೇ ಬೀಳ್ಕೊಟ್ಟಿದ್ದರು. ಪ್ಲಾಟ್‌ಫಾರ್ಮಿಗೆ ಬಂದವನು ಧನಶೇಖರ್ ಒಬ್ಬನೇ. ಬ್ಯಾಗನ್ನು ಸೀಟಿನ ಕೆಳಗೆ ತಳ್ಳಿ ಇಳಿದ. ಅವಳು ಬಾಗಿಲಲ್ಲಿ ನಿಂತಳು, ಇಳಿದಳು, ಮತ್ತೆ ಹತ್ತಿದಳು.

"ನಿಲ್ಲು ಅಂತ ಒಂದ್ ಸಲನಾದ್ರೂ ಕೇಳಲ್ವಾ?"

"ಕೇಳಿದ್ರೆ ನಿಲ್ತೀರಾ?"

"ಇಲ್ಲ."

"ಮತ್ಯಾಕ್ ಕೇಳ್ಬೇಕು?"

"ಆದ್ರೂ ಕೇಳ್ಬೇಕು."

ಅವನು ಸುತ್ತ ನೋಡಿದ. ಯಾರೂ ಕೇಳಿಸಿಕೊಳ್ಳುತ್ತಿಲ್ಲ ಎಂದು ಖಾತ್ರಿಯಾದ ಮೇಲೆ, ಮೊದಲ ಸಲ ಏಕವಚನದಲ್ಲಿ ಮೆಲ್ಲಗೆ ಹೇಳಿದ: "ಓಗ್ಬೇಡ ಮುನಿ."

ಅವಳ ಎದೆಯೊಳಗೆ ಏನೋ ಒಂದು ಸುಮ್ಮನಾಯಿತು. ಅಷ್ಟರಲ್ಲಿ ರೈಲು ಅಲುಗಿತು. ಅವನು ಜೊತೆಯಲ್ಲಿ ನಡೆದ, ಆಮೇಲೆ ಓಡಿದ. ಪ್ಲಾಟ್‌ಫಾರ್ಮು ಮುಗಿಯುತ್ತಾ ಬಂದಾಗ ಅವಳು ಕಂಬಿ ಹಿಡಿದು ಹೊರಗೆ ಬಾಗಿ ಕೂಗಿದಳು:

"ನನ್ ಮದ್ವೆ ಆಗ್ತೀಯಾ?"

ಅವನ ಬಾಯಿ ಅಲುಗಿತು. ಹಾರ್ನಿನ ಸದ್ದಿನಲ್ಲಿ ಒಂದಕ್ಷರವೂ ಕೇಳಿಸಲಿಲ್ಲ. ಆಮೇಲೆ ಅವನು ಚಿಕ್ಕದಾದ. ಆಮೇಲೆ ಇಲ್ಲವಾದ.

ಅವಳು ಕೂತಳು, ಎದ್ದಳು, ಬಾಗಿಲವರೆಗೆ ಹೋಗಿ ಬಂದಳು. ಫೋನು ಮಾಡಿದರೆ ಅವನು ಎತ್ತಲಿಲ್ಲ. ಮತ್ತೆ ಮಾಡಿದಳು. ಹುಚ್ಚಿಯಂತೆ ಕೇಳಿಬಿಟ್ಟೆನಾ? ರೈಲು ಬೊಮ್ಮಿಡಿ ಸ್ಟೇಷನ್ ದಾಟಿತು. ಅಪ್ಪನ ಊರಿನ ಕಡೆಯ ಬೋಳು ಗುಡ್ಡಗಳು, ಕುರಿಗಳು, ಕೆಂಪು ನೆಲ ಹಿಂದೆ ಹಿಂದೆ ಓಡಿದವು. ಮೊರಪ್ಪೂರು ಹತ್ತಿರ ಬಂದಾಗ ಫೋನು ಹೊಡೆದುಕೊಂಡಿತು. ಅವನದಲ್ಲ, ಅಪ್ಪನದು.

"ಏನಮ್ಮಾ ಮುನಿ," ಬೈರಪ್ಪನ ದನಿ ಎಂದಿನಂತೆ ಲಾರಿಯ ಇಂಜಿನ್ನನ್ನು ಮೀರಿಸುವಂತಿತ್ತು. "ಇಲ್ಲೊಬ್ಬ ಪೈಯ ಸ್ಟೇಷನ್ನಿಂದ ಬೈಕ್ ಓಡಿಸ್ಕೊಂಡ್ ಬಂದು ಕುಂತವ್ನೆ. ಮೈಯೆಲ್ಲ ಬೆವ್ರು. ನೀನು ಮದ್ವೆ ಕೇಳಿದ್ಯಂತೆ, ಸರಿ ಅಂದಿದ್ದು ನಿಂಗ್ ಕೇಳಿಸ್ಲಿಲ್ವಂತೆ. ಫೋನಲ್ ಯೋಳೋ ಮಾತಲ್ಲ ಅಂತ ನನ್ನತ್ರ ಬಂದವ್ನೆ."

ಮುನಿಲಕ್ಷ್ಮಿ ಬಾಯಿಗೆ ಕೈ ಅಡ್ಡ ಹಿಡಿದಳು.

"ಲೋ, ನನ್ ಮಗ್ಳು ಒಂದೂರಲ್ ನಿಲ್ಲೋಳಲ್ಲ ಅಂದೆ. ಗೊತ್ತೈತೆ ಮಾವ ಅಂದ. ಇನ್ನಾ ಬಂದ್ ಕುಂತಿಲ್ಲ, ಆಗ್ಲೇ ಮಾವ ಅಂತಾನಮ್ಮಾ ಇವ್ನು!" ಹಿಂದಿನಿಂದ ಅಮ್ಮ ಜೋರಾಗಿ ನಗುವುದು ಕೇಳಿಸಿತು. "ನಾನೇನ್ ಯೋಳ್ಲಿ ಇವನ್ಗೆ?"

ಕಿಟಕಿಯಾಚೆ ಬಿಸಿಲು ಇಳಿಯುತ್ತಿತ್ತು. ಅವಳು ಸೀಟಿಗೆ ಪೂರ್ತಿ ಒರಗಿ ಕೂತಳು.

"ಮೊದ್ಲು ಟೀ ಕೊಡಪ್ಪಾ," ಎಂದಳು. "ನಮ್ಮನೆ ಅಳಿಯ ಅವ್ನು."