ಹಿಂದಿನ ಸಾಲಿಗೆ ಕೇಳಿಸಲಿಲ್ಲ

"ನಿಲ್ಸಿ! 'ದೌ' ಅಲ್ಲ, 'ದೀ'!"

ರಿಹರ್ಸಲ್ ಹಾಲ್ ಸ್ತಬ್ಧವಾಯಿತು. ಹಳೇ ಕಾಲದ ಇಂಗ್ಲಿಷ್ ನಾಟಕಕ್ಕೆ ಮಾತು ಕಲಿಸಲು ಬಂದ ಊರಿನ ಶಾಲೆಯ ಟೀಚರ್, ಮೊದಲ ದಿನವೇ ನಾಯಕನ ಜನ್ಮ ಜಾಲಾಡಿದ್ದಳು. ನಾಯಕನೆಂದರೆ ಮೂಲೆಯ ಮೆಡಿಕಲ್ ಶಾಪಿನವನು.

"ನೀನು ಅನ್ನೋಕೆ 'ದೌ'. ನಿನ್ನನ್ನ, ನಿನಗೆ ಅನ್ನೋಕೆ 'ದೀ'. ನಿನ್ನದು ಅನ್ನೋಕೆ 'ದೈನ್'. ಜೋರಾಗಿ ಹೇಳಿ, ಹಿಂದಿನ ಸಾಲಿಗೆ ಕೇಳಿಸಲಿಲ್ಲ!"

"ಡಾಕ್ಟರ್ ಗೀಚಿದ್ದನ್ನೇ ಓದ್ತೀನಿ ಟೀಚರ್, ಇದ್ಯಾವ ಲೆಕ್ಕ!"

ಎಲ್ಲರೂ ನಕ್ಕರು. ಅವಳಿಗೂ ನಗು ಬಂತು, ತೋರಿಸಿಕೊಳ್ಳಲಿಲ್ಲ.

ಅವನು ಹಟ ಹಿಡಿದು ಕಲಿತ. ಕೆಮ್ಮಿನ ಔಷಧಿ ಕೊಡುವಾಗಲೂ ಅಜ್ಜಿಯರಿಗೆ 'ಫಾರ್ ದೀ' ಅನ್ನುತ್ತಿದ್ದನಂತೆ!

ಸ್ವಂತ ವಾಕ್ಯ ಮಾಡಿಕೊಂಡು ಬನ್ನಿ ಎಂದು ಅವಳು ಎಲ್ಲರಿಗೂ ಹೇಳಿದ್ದಳು. ಒಂದು ಸಂಜೆ ಅವನು ಬೇಗ ಬಂದ. ಹಾಲ್‌ನಲ್ಲಿ ಇಬ್ಬರೇ.

"ಐ ಹ್ಯಾವ್ ವೇಟೆಡ್ ಫಾರ್ ದೀ... ಮೈ ಹೌಸ್ ಈಸ್ ದೈನ್."

ನಿನಗಾಗಿ ಕಾದಿದ್ದೇನೆ, ನನ್ನ ಮನೆ ನಿನ್ನದು. ಹಾಳೆ ನೋಡದೆ, ಅವಳನ್ನೇ ನೋಡಿ ಹೇಳಿದ.

'ಇದು ಪಾಠ ಅಲ್ಲ... ನನಗೇ ಹೇಳ್ತಿದ್ದಾನೆ!' ಅವಳಿಗೆ ಹೊಳೆಯಿತು.

ಅಷ್ಟರಲ್ಲಿ ಬಾಗಿಲು ತೆರೆದು ಉಳಿದವರೆಲ್ಲ ಒಳಗೆ ನುಗ್ಗಿದರು. ನಿಶ್ಚಯವಾದ ಮೇಲೆ ಮುರಿದುಬಿದ್ದ ಮದುವೆಯೊಂದರಿಂದ ಅವಳು ಆಗಲೇ ಸಾಕಷ್ಟು ಜನರ ಬಾಯಿಗೆ ಬಿದ್ದಿದ್ದಳು. ಅಂಜಿಕೆಗೆ ಟೀಚರ್‌ಗಿರಿಯ ಮುಸುಕು ಹಾಕಿಬಿಟ್ಟಳು, ಪಾಪಿ!

"ಎಲ್ರೂ ಕೇಳಿ, ಸರಿಯಾದ ವಾಕ್ಯ ಅಂದ್ರೆ ಇದು. ಹೇಳಿ ಒಟ್ಟಿಗೆ!" ಎಂದು ಅವನ ಮಾತನ್ನೇ ಜೋರಾಗಿ ಹೇಳಿಕೊಟ್ಟಳು.

ರಾಜ, ಮಂತ್ರಿ, ಕಾವಲುಗಾರ ಎಲ್ಲರೂ ಅವನ ಮನಸ್ಸನ್ನು ಒಂದೇ ದನಿಯಲ್ಲಿ ಕಿರುಚಿದರು. ಯಾರೋ ಶಿಳ್ಳೆ ಹಾಕಿದರು. ಅವನೊಬ್ಬ ಬಾಯಿ ತೆರೆಯಲಿಲ್ಲ.

ನಾಟಕದ ದಿನ ಅವನ ಮಾತಿನಲ್ಲಿ ಒಂದೂ ತಪ್ಪಿರಲಿಲ್ಲ, ಜೀವವೂ ಇರಲಿಲ್ಲ. ಬಣ್ಣವನ್ನೂ ಒರೆಸದೆ ಹೊರಟುಹೋದ. ಆಮೇಲೆ ಅವಳ ಫೋನ್ ಎತ್ತಲಿಲ್ಲ.

ಕೊನೆಗೆ ಅವಳೇ ಅಂಗಡಿಗೆ ಬಂದಳು.

"ಚೀಟಿ ಕೊಡಿ," ಎಂದ, ಮುಖ ನೋಡದೆ.

"ಮಾತಾಡ್ಬೇಕು. ಅವತ್ತು... ನನಗೆ ಗೊತ್ತಾಗಿತ್ತು."

ಅವನ ಕೈಯಲ್ಲಿದ್ದ ಮಾತ್ರೆ ಅಲ್ಲೇ ನಿಂತಿತು.

"ಗೊತ್ತಿದ್ದೇ ಮಾಡಿದ್ರಾ? ಪಾಪ, ಟೀಚರ್‌ಗೆ ಅರ್ಥ ಆಗ್ಲಿಲ್ಲ ಅಂತ ಇಷ್ಟು ದಿನ ಸಮಾಧಾನ ಮಾಡ್ಕೊಂಡಿದ್ದೆ. ಅದನ್ನೂ ಕಿತ್ಕೊಂಡ್ರಲ್ಲ!"

ಅವಳ ಕಣ್ಣು ತುಂಬಿತು.

"ಹೆದರ್ಕೊಂಡೆ. ನನಗೂ... ನೀವಂದ್ರೆ ಇಷ್ಟ," ಎಂದಳು ಪಿಸುದನಿಯಲ್ಲಿ.

ಅವನು ಕಹಿಯಾಗಿ ನಕ್ಕ. "ಹಿಂದಿನ ಸಾಲಿಗೆ ಕೇಳಿಸಲಿಲ್ಲ, ಟೀಚರ್."

ಅವಳು ತಿರುಗಿ ನೋಡಿದಳು. ಕೆಮ್ಮುತ್ತಿರುವ ಅಜ್ಜಿ, ಅವರ ಹಿಂದೆ ಅವಳ ವಿದ್ಯಾರ್ಥಿಯೊಬ್ಬನ ಅಪ್ಪ, ಅವರ ಹಿಂದೆ ಅವಳ ಹೆಡ್‌ಮಾಸ್ಟರು! ಓಡಿಹೋಗೋಣವೇ ಅನ್ನಿಸಿತು...

"ನನಗೆ ಇವರಂದ್ರೆ ಇಷ್ಟ! ಅವತ್ತೇ ಹೇಳ್ಬೇಕಿತ್ತು. ಹೇಡಿ ನಾನು!"

"ಕೇಳಿಸ್ತಮ್ಮ," ಎಂದರು ಅಜ್ಜಿ. "ಈಗ ನನ್ನ ಔಷಧಿ ಕೊಡ್ಸು."

ಅವನು ನಗಲಿಲ್ಲ.

"ಕೋಪ ಇನ್ನೂ ಹೋಗಿಲ್ಲ."

"ಅದು ಇರ್ಲಿ. ನೀವು ಹೋಗ್ಬೇಡಿ, ಅಷ್ಟೇ."

ಅವನು ಕೌಂಟರಿನ ಅಡ್ಡಹಲಗೆ ಮೇಲೆತ್ತಿ ಹಿಡಿದ.

"ಒಳಗೆ ಬನ್ನಿ. ಅಜ್ಜಿಗೆ ಅಡ್ಡ ನಿಂತಿದ್ದೀರಿ."