ಎರಡು ಕಡ್ಡಿ ಎಂಜಲು

ಗದ್ದೆ ಅವ್ವನ ಹೆಸರಿನಲ್ಲಿತ್ತು, ಬೆವರು ಮಹದೇವುವಿನದು. ಚಿಕ್ಕರಸಿನಕೆರೆಯ ಆಚೆ ನಾಲೆ ಬದಿಯ ಆ ಎರಡೆಕರೆಯಲ್ಲಿ ಇಪ್ಪತ್ತು ವರ್ಷದಿಂದ ಕಬ್ಬು ಬೆಳೆದವನು ಅವನು. ಅದನ್ನೀಗ ತಂಗಿ ವೀಣಳ ಕಿರಿಮಗಳ ಚಿಕಿತ್ಸೆಗಾಗಿ ಮಾರುವುದಾಗಿ ಅವ್ವ ದೇವಿರಮ್ಮ ಎಲೆಗೆ ಸುಣ್ಣ ಹಚ್ಚುತ್ತಲೇ ಹೇಳಿಬಿಟ್ಟಳು.

"ಅಕ್ಕನ್ ಮೂಳೆ ರಸ ತಂಗೀಗೆ ಕೂಡ್ತು ಅಂದ್ರೆ ಮಾರ್ಬುಡ್ತೀನಿ ಕಣ್ಲಾ. ಕೂಡ್ನಿಲ್ಲ ಅಂದ್ರೆ ಗದ್ದೆ ನಿಂದೇ, ಮಡೀಕೊ."

"ಮಾರವ್ವ. ನಾನ್ಯಾಕೆ ಬ್ಯಾಡ ಅನ್ಲಿ? ಮಗೀಗಿಂತ ಎಚ್ಚಾ ಮಣ್ಣು?" ಎಂದ ಮಹದೇವು, ಹಲ್ಲು ಕಚ್ಚಿಕೊಂಡು.

ಆ ಕಿರಿಮಗಳು ಶೋಭಿತಾಗೆ ಒಂಬತ್ತು ವರ್ಷ. ಹುಟ್ಟಿನಿಂದಲೇ ಬಂದ ರಕ್ತದ ಕಾಯಿಲೆ, ಥಲಸೇಮಿಯ. ತಿಂಗಳಿಗೊಮ್ಮೆ ಮಂಡ್ಯಕ್ಕೆ ಹೋಗಿ ಯಾರದೋ ರಕ್ತ ಏರಿಸಿಕೊಂಡು ಬರಬೇಕು. ಉಬ್ಬಿದ ಹೊಟ್ಟೆ, ಹಳದಿಗಣ್ಣು, ಮಾತ್ರೆಯಿಂದ ಕೆಂಪಗಾದ ಉಚ್ಚೆ. ಮಹದೇವುವಿಗೆ ಅವಳನ್ನು ಕಂಡರೇ ಹೇಸಿಗೆ. ಅವಳು ಕುಡಿದಿಟ್ಟ ಲೋಟವನ್ನು ಕಾಲಿನಿಂದ ಸರಿಸುತ್ತಿದ್ದ. ಜಿಗಣೆ ಎಂದು ಮನಸ್ಸಿನಲ್ಲೇ ಹೆಸರಿಟ್ಟಿದ್ದ. ಇಷ್ಟು ದಿನ ಊರವರ ರಕ್ತ ಕುಡಿಯಿತು, ಈಗ ಗದ್ದೆಗೇ ಬಾಯಿ ಹಾಕಿತು.

ಬೆಂಗಳೂರಿನ ಡಾಕ್ಟರ್ ಪ್ರಿಯಂವದಾ ಬಿಡಿಸಿ ಹೇಳಿದ್ದರು. ಪೂರ್ತಿ ಹೊಂದುವವರ ಮೂಳೆಯ ಮಜ್ಜೆ ಸಿಕ್ಕರೆ ಮಾತ್ರ ಕೈ ಹಾಕುತ್ತೇವೆ, ಅಪ್ಪ ಅಮ್ಮನದು ಅರ್ಧರ್ಧವೇ ಹೊಂದಿದೆ, ಒಡಹುಟ್ಟಿದವಳು ಹೊಂದಬಹುದು. ಅಕ್ಕ ಅರುಂಧತಿಯ ಕೆನ್ನೆಯೊಳಗೆ ಉಜ್ಜಲು ನಾಲ್ಕು ಹತ್ತಿಕಡ್ಡಿ ಕಳಿಸಿದ್ದರು. ವೀಣ ಎರಡರಲ್ಲಿ ಉಜ್ಜಿ ಕವರಿಗೆ ಹಾಕಿದಳು. ಎರಡು ಉಳಿದವು. ಮದ್ದೂರಿನ ಕೊರಿಯರಿಗೆ ಕೊಟ್ಟು ಬರುವ ಕೆಲಸವನ್ನು ಮಹದೇವು ತಾನಾಗಿ ವಹಿಸಿಕೊಂಡ.

ದಾರಿಯುದ್ದಕ್ಕೂ ಅವನ ಯೋಚನೆ ಎಲ್ಲೂ ಎಡವಲಿಲ್ಲ. ಕವರು ಕಳೆದುಹೋಯಿತೆಂದರೆ ಇನ್ನೊಂದು ಕಳಿಸುತ್ತಾರೆ. ಒಣ ಕಡ್ಡಿ ಹೋದರೂ ಅಷ್ಟೇ. ಬೇರೆ ಎಂಜಲೇ ಬೇಕು. ಯಾರನ್ನಾದರೂ ಕೇಳಿದರೆ ಆ ಬಾಯಿ ನಾಳೆ ಊರಿಗೆಲ್ಲ ಸಾರುತ್ತದೆ. ಸಾರದ ಬಾಯಿ ಒಂದೇ, ತನ್ನದು. ಹೆತ್ತವರದೇ ಅರ್ಧ ಎಂದಮೇಲೆ ನಲವತ್ತೈದರ ಮಾವನದು ಎಷ್ಟು ಹೊಂದೀತು? ಹುಡುಗಿ ಸತ್ತರೆ ಕಾಯಿಲೆಯಿಂದ ಸತ್ತಳು. ಹೆಗಲು ಕೊಡಲು ತಾನೇ ಮುಂದೆ ನಿಂತರಾಯಿತು.

ಭಾರತೀನಗರ ದಾಟಿ, ಸಕ್ಕರೆ ಕಾರ್ಖಾನೆಯ ಕಾಕಂಬಿಯ ನಾತ ಇನ್ನೂ ಮೂಗಿನಲ್ಲಿದ್ದಾಗಲೇ ನಾಲೆ ಏರಿಯ ಮೇಲೆ ಬೈಕು ನಿಲ್ಲಿಸಿದ. ಮೂರು ಸಲ ಬಾಯಿ ಮುಕ್ಕಳಿಸಿದ. ಜೇಬಿಗಿಳಿಸಿಕೊಂಡು ಬಂದಿದ್ದ ಉಳಿದೆರಡು ಕಡ್ಡಿಗಳನ್ನು ತನ್ನ ಕೆನ್ನೆಯೊಳಗೆ ತಿಕ್ಕಿ ಕವರಿಗೆ ಹಾಕಿ, ಅರುಂಧತಿಯವನ್ನು ನೀರಿಗೆಸೆದು, ಕೈ ಒರೆಸಿಕೊಂಡ. ಮದ್ದೂರಿನಲ್ಲಿ ವಡೆ ತಿಂದು, ಶೋಭಿತಾಗೂ ಒಂದು ಕಟ್ಟಿಸಿಕೊಂಡು ಬಂದ.

ಹದಿನೈದನೆಯ ದಿನ ಸುದ್ದಿ ಬಂತು: ಪೂರ್ತಿ ಹೊಂದಿದೆ.

ತನ್ನದು ಹೇಗೆ ಹೊಂದಿತೆಂದು ಮಹದೇವುವಿಗೆ ಅರ್ಥವಾಗಲಿಲ್ಲ. ಆದರೂ ತಲೆ ಕೆಡಿಸಿಕೊಳ್ಳಲಿಲ್ಲ. ಮಜ್ಜೆ ತೆಗೆಯುವ ಮುಂಚೆ ಅರುಂಧತಿಯನ್ನೇ ಕರೆಸಿ ರಕ್ತ ನೋಡುತ್ತಾರಂತೆ. ಆಗ ಹೊಂದದಿದ್ದರೆ ಮೊದಲನೆಯದು ಲ್ಯಾಬಿನವರ ತಪ್ಪಾಗುತ್ತದೆ. ಹಾಗೇ ಆಯಿತು. ಅವಳ ರಕ್ತ ಅರ್ಧವೇ ಹೊಂದಿತು. ವೀಣ ಗೋಡೆಗೆ ಹಣೆಯಿಟ್ಟು ಅತ್ತಳು. "ಅಳಬ್ಯಾಡ ಕಣಮ್ಮಿ, ಅಣೇಲಿ ಬರ್ದಂಗಾಯ್ತದೆ" ಎಂದು ಮಹದೇವು ತಂಗಿಯ ತಲೆ ಸವರಿದ. ಮಾರನೆಯ ಬೆಳಿಗ್ಗೆ ಗದ್ದೆಗೆ ಹೋಗಿ ಬದುವಿನುದ್ದಕ್ಕೂ ಅಡ್ಡಾಡಿ ಬಂದ.

ಬಂದಾಗ ಫೋನಿನಲ್ಲಿ ಡಾಕ್ಟರ ದನಿ ಪಡಸಾಲೆಗೆಲ್ಲ ಕೇಳುತ್ತಿತ್ತು. "ಮೊದಲು ಬಂದ ಕಡ್ಡಿಯನ್ನ ಮತ್ತೆ ನೋಡಿದ್ವಿ. ಅದು ಹುಡುಗಿಯದಲ್ಲ, ಯಾರೋ ಗಂಡಸಿನದು. ಪೂರ್ತಿ ಹೊಂದುತ್ತೆ ಅನ್ನೋದು ಮಾತ್ರ ನಿಜ. ಅಜ್ಜಿ, ಮಗಳನ್ನ ಸಂಬಂಧದಲ್ಲೇ ಕೊಟ್ಟಿದ್ದೀರಾ?"

"ಊ ಕಣವ್ವ. ಒರಗ್ಯಾಕೆ ಕೊಡಾನ? ನನ್ ಒಡುಟ್ಟಿದ್ ತಮ್ಮ ಚೌಡಯ್ಯನ್ಗೇ ಕೊಟ್ಟಿವ್ನಿ."

"ಹಾಗಾದ್ರೆ ಮಗುವಿಗೆ ಎರಡೂ ಕಡೆಯಿಂದ ನಿಮ್ಮ ಮನೆಯದೇ ರಕ್ತ. ಸೋದರಮಾವನದು ಹೀಗೆ ಹೊಂದೋದುಂಟು. ಇದ್ದಾರಾ ಅಂಥವರು?"

ಊರಲ್ಲಿ ಮನೆಗೊಂದರಂತೆ ಇರುವ ಮದುವೆ ಅದು. ಎಲ್ಲವನ್ನೂ ಎಣಿಸಿದ ಮಹದೇವು ಅದೊಂದನ್ನು ಎಣಿಸಿರಲಿಲ್ಲ. ಕಡ್ಡಿ ಮುಟ್ಟದೆ ಸುಮ್ಮನಿದ್ದಿದ್ದರೆ ಯಾರದೂ ಹೊಂದುತ್ತಿರಲಿಲ್ಲ, ಗದ್ದೆ ಅವನದೇ ಆಗುತ್ತಿತ್ತು. ಕವರು ಒಯ್ದ ಮಗನ ಮುಖವನ್ನೇ ನೋಡುತ್ತ ದೇವಿರಮ್ಮ ಎದ್ದು ಬಂದಳು. "ಬಾಯ್ ಬುಡ್ಲಾ, ಮಾದೇವ."