ಮೂರು ಸಾವಿರದ ಸಿಳ್ಳೆ

"ಬೇಗ ಒತ್ತೇ! ಸರ್ ಬೋರ್ಡ್ ಕಡೆ ತಿರುಗಿದಾರೆ," ಎಂದು ಗೆಳತಿ ಮೊಣಕೈಯಿಂದ ತಿವಿದಳು.

ಕ್ಲಾಸಿನವರೆಲ್ಲ ಪಟಾಕಿ ಎಂದು ಕರೆಯುವ ಆ ಹುಡುಗಿ ಎಂಟರ್ ಒತ್ತಿದಳು. ಸ್ಪೀಕರಿನಿಂದ 'ಕುಂಯ್' ಎಂದು ಸಿಳ್ಳೆ ಹೊರಟಿತು.

ಆ ವಾರವಷ್ಟೇ ಕಂಪ್ಯೂಟರ್ ಸರ್ ಹೇಳಿಕೊಟ್ಟಿದ್ದರು. "ಹೊಸದಾಗಿ ಏನೂ ಇನ್‌ಸ್ಟಾಲ್ ಮಾಡೋದು ಬೇಡ. ಬೀಪ್ ಅಂತ ಬರೆದು ಎರಡು ನಂಬರ್ ಕೊಡಿ. ಮೊದಲನೇದು ದನಿ ಎಷ್ಟು ಕೀರಲು ಅನ್ನೋದಕ್ಕೆ, ಎರಡನೇದು ಎಷ್ಟು ಹೊತ್ತು ಅನ್ನೋದಕ್ಕೆ."

ಉಳಿದವರು ಇಷ್ಟದ ರಾಗ ಬರೆಯುತ್ತಿದ್ದರೆ, ಪಟಾಕಿ ಮೂರು ಸಾವಿರ ಎಂಬ ನಂಬರ್ ಹುಡುಕಿದ್ದಳು. ಕಿವಿ ಸರಿಯಾಗಿ ಕೇಳದ ಸರ್ ಹಾಕಿಕೊಳ್ಳುತ್ತಿದ್ದ ಮಿಷಿನ್ ಆಗಾಗ ಸಿಳ್ಳೆ ಹಾಕುತ್ತಿತ್ತಲ್ಲ, ಥೇಟ್ ಅದೇ ದನಿ!

ಸರ್ ಮಿಷಿನ್ನನ್ನು ಕಿವಿಯೊಳಗೆ ಒತ್ತಿ ಕೂರಿಸಿದರು. ಮತ್ತೆ ಸಿಳ್ಳೆ. ಕ್ಲಾಸೆಲ್ಲ ಕಿಸಕ್ಕೆಂದಿತು. ಮೂರನೇ ಸಲ ಅವರು ಅದನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡರು.

"ನನ್ನ ಮಿಷಿನ್ ಯಾಕೋ ಹಟ ಮಾಡ್ತಿದೆ. ನಿಮಗೂ ತೊಂದರೆ. ಸಾರಿ ಮಕ್ಕಳೇ."

ಸಾರಿ ಕೇಳಿದ್ದು ಸರ್! ಪಟಾಕಿಯ ನಗು ನಿಂತಿತು.

ಆಮೇಲೆ ಹಿಂದಿನ ಸಾಲಿನಿಂದ ಒಬ್ಬ, "ಸರ್, ನೀರು ಕುಡಿದು ಬರ್ಲಾ?" ಎಂದ.

"ವೆರಿ ಗುಡ್, ಮುಂದಿನ ಸಾಲು ಬರಿ," ಎಂದರು ಸರ್, ಅರ್ಧಂಬರ್ಧ ಕೇಳಿಸಿಕೊಂಡು.

ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಯಾಕೆಂದು ತಿಳಿಯದೆ ಸರ್ ಕೂಡ ನಕ್ಕರು. ಪಟಾಕಿಗೆ ಮಾತ್ರ ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು.

ಸರ್ ಒಂದೊಂದೇ ಕಂಪ್ಯೂಟರ್ ನೋಡುತ್ತ ಅವಳ ಬಳಿ ಬಂದರು. "ನಿಂದು ಹಾಕು ನೋಡೋಣ," ಎನ್ನುತ್ತ ಸ್ಪೀಕರಿನ ಮೇಲೆ ಅಂಗೈ ಇಟ್ಟರು. ಅದು ಅದುರಿದರೆ ಅವರಿಗೆ ಕೈಯಲ್ಲೇ ಗೊತ್ತಾಗುತ್ತಿತ್ತು.

"ಅಳಿಸಿಬಿಡೇ," ಗೆಳತಿ ಪಿಸುಗುಟ್ಟಿದಳು.

ಪಟಾಕಿ ಅಳಿಸಲಿಲ್ಲ. ಎಂಟರ್ ಒತ್ತಿದಳು.

ಸರ್ ಪರದೆಯ ಮೇಲಿದ್ದ ಮೂರು ಸಾವಿರವನ್ನು ನೋಡಿದರು. ತಟ್ಟನೆ ಗಪ್‌ಚಿಪ್ಪಾದ ಮಕ್ಕಳನ್ನು ನೋಡಿದರು. ನಿಧಾನವಾಗಿ ಕೈ ತೆಗೆದರು.

"ಓಹೋ. ಹಾಗಾದ್ರೆ ಮಿಷಿನ್ ಕೆಟ್ಟಿಲ್ಲ," ಎಂದರು. ಅಷ್ಟೇ. ಬೈದಿದ್ದರೇ ವಾಸಿಯಿತ್ತು.

ಪಟಾಕಿ ಎದ್ದು ನಿಂತಳು. ಕಾಲ್ಬೆರಳನ್ನೇ ನೋಡುತ್ತ, "ತಪ್ಪಾಯ್ತು ಸರ್," ಎಂದಳು.

"ತಲೆ ತಗ್ಗಿಸಿದ್ರೆ ನಂಗೆ ಗೊತ್ತಾಗಲ್ಲ ಮಗೂ. ನಾನು ತುಟಿ ನೋಡಿ ತಿಳ್ಕೊಳ್ಳೋದು."

ಯಾರು ಮಾತಾಡಿದರೂ ಸರ್ ಸಾಮಾನ್ಯವಾಗಿ ಎದುರಿಗೇ ಬಂದು ನಿಂತು, ಮುಖವನ್ನೇ ಯಾಕೆ ನೋಡುತ್ತಿದ್ದರೆಂದು ಅವಳಿಗೆ ಆಗ ಹೊಳೆಯಿತು.

ಮುಖ ಎತ್ತುವುದು ಇಷ್ಟು ಭಾರ ಅಂತ ಅವಳಿಗೆ ಗೊತ್ತಿರಲಿಲ್ಲ. ಆದರೂ ಎತ್ತಿದಳು. ಕಣ್ಣೀರು ತುಟಿಯವರೆಗೂ ಇಳಿದಿತ್ತು. ಅದನ್ನು ಒರೆಸಿಕೊಂಡು, ಒಂದೊಂದೇ ಅಕ್ಷರ ಬಿಡಿಸಿ, ಅವಳು ಮತ್ತೊಮ್ಮೆ ಹೇಳಿದಳು.